ಹಸಿರುಮನೆಯೋ, ಹಿಂಗಾರಿಯ ಮಡಿಯೋ?

ಈ ವರ್ಷದ ಜನವರಿ ತಿಂಗಳಲ್ಲಿ ನಮ್ಮ ಮಹಾವಿದ್ಯಾಲಯದ ತೋಟದ ವಿಷಯವಾಗಿ ವಿದ್ಯಾರ್ಥಿಗಳ ಒಂದು ಸಭೆ ಸೇರಿತ್ತು. ಸಭೆಯೆಂದರೆ ದೊಡ್ಡದೇನಲ್ಲ, ಬೇವಿನ ಮರದ ಕೆಳಗೆ ಇಪ್ಪತ್ತು ಮಂದಿ ಕುಳಿತಿದ್ದೆವು. ಗ್ರಂಥಾಲಯದ ಹಿಂದೆ ಬರಿದೆ ಬಿದ್ದಿರುವ ನೆಲವನ್ನು ಏನು ಮಾಡಬೇಕೆಂಬುದು ಚರ್ಚೆಯ ವಿಷಯ. ಗೆಳೆಯನೊಬ್ಬನು ಎದ್ದು ನಿಂತು, ಅಲ್ಲಿ ಒಂದು ಹಸಿರುಮನೆಯನ್ನು ಕಟ್ಟಿಸಬೇಕೆಂದೂ, ಅದರೊಳಗೆ ಜರ್ಬೆರಾ ಮೊದಲಾದ ಹೂಗಳನ್ನು ಬೆಳೆಸಿದರೆ ಚಳಿಗಾಲದ ಕೊನೆಗೆ ಬರುವ ಸ್ನೇಹಸಮ್ಮೇಳನಕ್ಕೆ ಹೊರಗಿನಿಂದ ಹೂ ಕೊಳ್ಳುವ ಪ್ರಸಂಗವೇ ಬಾರದೆಂದೂ ಸೊಗಸಾಗಿ ಮಾತಾಡಿದನು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನು. ಆಮೇಲೆ ಏನೋ ಹೊಳೆದಂತಾಗಿ ಎದ್ದು, "ಅಲ್ಲಿ ಕುಸುಬಿ, ಅಗಸಿ, ಕಡಲಿ ಬಿತ್ತೂಣು" ಎಂದು ಹೇಳಿಬಿಟ್ಟೆನು.

"ಕುಸುಬಿ ಎಂದರ ಹೂವ ಆಗೇತೇನಪಾ? ಅದು ಮುಳ್ಳು!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು. ಮರುಮಾತು ಹೊಳೆಯದೆ ನಾನು ಕುಳಿತುಬಿಟ್ಟೆನು. ಬಾಯಿಂದ ಆಡಲಾರದ ಮಾತನ್ನು ಲೇಖನಿಯಿಂದಲಾದರೂ ಆಡಬೇಕೆಂದು ಈ ನಾಲ್ಕು ಪುಟಗಳನ್ನು ಬರೆಯುತ್ತಿದ್ದೇನೆ. ವಾಚಕ ಮಿತ್ರರು ನಗುವುದಿದ್ದರೆ ಕಡೆಯವರೆಗೆ ಓದಿ ನಗಬೇಕೆಂದು ಪ್ರಾರ್ಥನೆ.

ಮೊದಲು ಹಸಿರುಮನೆಯ ವಿಚಾರ. ಅದನ್ನು ನಾನು ಹಳಿಯಲಾರೆ. ಹಿಮ ಬೀಳುವ ನಾಡಿನಲ್ಲಿ ಚಳಿಗಾಲವೆಂದರೆ ಗಿಡಗಳಿಗೆ ಸೆರೆಮನೆಯೇ ಸರಿ. ಅಲ್ಲಿಯ ಜನ ಗಾಜಿನ ಮನೆ ಕಟ್ಟಿ, ಅದರೊಳಗೆ ಸೂರ್ಯನ ಬೆಳಕನ್ನು ಬರಗೊಟ್ಟು, ಕಾದ ಗಾಳಿ ಹೊರಗೆ ಹೋಗದಂತೆ ತಡೆದು, ಸಾಲದಿದ್ದರೆ ಒಲೆ ಹೂಡಿ, ಫೆಬ್ರುವರಿಯಲ್ಲಿಯೇ ಹೂ ಕಂಡರು. 1851ರಲ್ಲಿ ಲಂಡನ್ನಿನಲ್ಲಿ ಎದ್ದು ನಿಂತ ಸ್ಫಟಿಕ ಅರಮನೆಯ ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್ಟನ್ ಮೂಲತಃ ಒಬ್ಬ ತೋಟಗಾರ. ಗಿಡಗಳಿಗೆ ಗಾಜಿನ ಮನೆ ಕಟ್ಟಿ ಕಟ್ಟಿ ಕೈ ಪಳಗಿದವನು ಅದೇ ವಿದ್ಯೆಯಿಂದ ಇಡೀ ಪ್ರದರ್ಶನಕ್ಕೆ ಸಾಲುವ ಮಂದಿರವನ್ನು ಎಬ್ಬಿಸಿದನು. ಅದರ ಮಾದರಿಯನ್ನು ನೆನಪಿಗೆ ತರುವ ಬೆಂಗಳೂರಿನ ಲಾಲಬಾಗದ ಗಾಜಿನ ಮನೆಗೆ 1889ರ ನವೆಂಬರ 30ರಂದು ಅಡಿಗಲ್ಲು ಬಿದ್ದಿತು. ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ, ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಅದನ್ನು ನೋಡುವ ಯೋಗ ನನಗೂ ಬಂದಿತ್ತು. ಕಣ್ಣು ತಣಿಯಿತು. ಆದರೆ ಅಲ್ಲಿಯ ಗಾಜು ಗಿಡಗಳನ್ನು ಚಳಿಯಿಂದ ಕಾಯುವ ಕೆಲಸ ಮಾಡುತ್ತಿಲ್ಲ; ಅದು ಹೂಗಳಿಗೊಂದು ಸಭಾಮಂಟಪ. ಬೆಂಗಳೂರಿನ ಚಳಿಗೆ ಗಾಜಿನ ಮನೆಯ ಹಂಗಿಲ್ಲ. ನಮ್ಮ ಜಮಖಂಡಿಯ ಚಳಿಗಂತೂ ಮೊದಲೇ ಇಲ್ಲ.

ಹಸಿರುಮನೆಯಿಂದ ಶಾಸ್ತ್ರಜ್ಞಾನವೂ ಬೆಳೆದಿದೆಯೆಂಬುದನ್ನು ಒಪ್ಪಲೇಬೇಕು. ಅಮೆರಿಕದಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಜಾತಿಯ ತಂಬಾಕಿನ ಗಿಡವನ್ನು ಕುರಿತು ತಲೆ ಕೆಡಿಸಿಕೊಂಡಿದ್ದರು. ಬೇಸಿಗೆಯ ಹೊಲದಲ್ಲಿ ಅದು ಆಳೆತ್ತರ ಮೀರಿ ಬೆಳೆಯುವುದು, ಹೂ ಮಾತ್ರ ಬಿಡದು. ಅದನ್ನೇ ಚಳಿಗಾಲದಲ್ಲಿ ಹಸಿರುಮನೆಯೊಳಗೆ ಬೆಳೆಸಿದರೆ ಗಿಡ್ಡಗಿರುವಾಗಲೇ ಹೂ ಬಿಡುವುದು. ಕಾರಣ ಶಾಖವೂ ಅಲ್ಲ, ಗೊಬ್ಬರವೂ ಅಲ್ಲ, ಹಗಲಿನ ಅಳತೆ ಎಂದು 1920ರಲ್ಲಿ ಅವರು ತೋರಿಸಿಕೊಟ್ಟರು. ಕೆಲವು ಗಿಡಗಳು ರಾತ್ರಿ ದೊಡ್ಡದಾದಾಗಲೇ ಹೂ ಬಿಡುತ್ತವೆ. ನಮ್ಮ ಸೇವಂತಿಗೆ ಅದೇ ಪಂಗಡದ್ದು. ಈಗಿನ ಹೂಗಾರರು ರಾತ್ರಿಯ ಹೊತ್ತು ದೀಪ ಉರಿಸಿ ಅದರ ಹೂವನ್ನು ತಡೆಯುತ್ತಾರೆ. ಕರಿ ಅರಿವೆ ಹೊದಿಸಿ ಹೂವನ್ನು ಕರೆಯುತ್ತಾರೆ. ನಿಪ್ಪಾಣಿಯ ತಂಬಾಕನ್ನು ಕಂಡ ನಮಗೆ ಈ ಕಥೆ ದೂರದ್ದೆನಿಸಬಾರದು. ಗಿಡ ಮೂಕವಾಗಿ ನಿಂತಿದ್ದರೂ ರಾತ್ರಿಯನ್ನು ಅಳೆಯುತ್ತಿರುತ್ತದೆಂಬ ಈ ಮಾತನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಹಸಿರುಮನೆಗೆ ನನ್ನ ಆಕ್ಷೇಪವೇನು? ಆಕ್ಷೇಪ ಹಸಿರುಮನೆಗಲ್ಲ, ಚಳಿಯ ಕೊನೆಯ ಹೂ ನೋಡಬೇಕಾದರೆ ಹಸಿರುಮನೆಯೇ ಬೇಕೆಂಬ ಮಾತಿಗೆ. ಈ ಮಾತು ನಮ್ಮ ನಾಡಿನದಲ್ಲ. ಎರವಲು ತಂದದ್ದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳ ಯರಿ ಭೂಮಿಗೆ ಹೂವಿನ ಕಾಲವೆಂದರೆ ಚಳಿಗಾಲವೇ. ಇಲ್ಲಿ ಧನುರ್ಮಾಸದಲ್ಲಿಯೂ ಹಗಲು ಸುಮಾರು 11 ತಾಸು ಇರುತ್ತದೆ. ಹಿಮವಿಲ್ಲ, ಮೋಡವಿಲ್ಲ. ಹಿಂಗಾರಿಯ ಮಳೆ ಕುಡಿದ ಕರಿ ಮಣ್ಣು ತನ್ನ ಒಡಲಿನ ಹಸಿಯನ್ನು ಫೆಬ್ರುವರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಬೇರಿಗೆ ಉಣಿಸುತ್ತದೆ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರೆಲ್ಲರೂ ಇದನ್ನು ಕಂಡವರೇ. ಬಿಳಿಜೋಳ ತೆನೆ ಹೊರುತ್ತಿರುತ್ತದೆ. ಅದರ ನಡುವಿನ ಅಕ್ಕಡಿ ಸಾಲಿನಲ್ಲಿ, ಹೊಲದ ಅಂಚಿನಲ್ಲಿ ಕುಸುಬಿ ಮೊದಲು ಹಳದಿಯಾಗಿ ಬಿರಿದು, ಬಾಡುತ್ತ ಬಾಡುತ್ತ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಹೂ ಬಾಡಿದಂತೆ ಬಣ್ಣ ಏರುವ ಈ ಚೋದ್ಯ ಯಾವ ಕುಂಡದ ಗಿಡದಲ್ಲಿದೆ? ಅಗಸಿಯ ಹೂ ಬೆಳಗ್ಗೆ ಆಕಾಶದ ತುಣುಕಿನಂತೆ ಅರಳಿ ಮಧ್ಯಾಹ್ನದೊಳಗೆ ಎಸಳು ಉದುರಿಸಿಬಿಡುತ್ತದೆ. ಮುಂಜಾನೆ ಹೋದವನಿಗೆ ನೀಲಿ ಹೊಲ, ಬುತ್ತಿಯ ಹೊತ್ತಿಗೆ ಹೋದವನಿಗೆ ಬರೀ ಹಸಿರು ಹೊಲ. ಕಡಲೆಯ ಹೂ ಬಹಳ ಸಣ್ಣದು. ಬಗ್ಗಿ ನೋಡಿದವನಿಗೆ ಮಾತ್ರ ತನ್ನ ನಸುಗೆಂಪು ತೋರಿಸುತ್ತದೆ. ಅದರ ಎಲೆಯ ಮೇಲಿನ ಹುಳಿಯನ್ನು ಇಬ್ಬನಿಯೊಡನೆ ಸೇರಿಸಿ ಹಿಡಿಯಲು ನಮ್ಮ ಹಿರಿಯರು ರಾತ್ರಿ ಅರಿವೆ ಹಾಸುತ್ತಿದ್ದರು. ಮಾವು ಹೂ ಬಿಡುವುದೂ ಇದೇ ಕಾಲಕ್ಕೆ. ಚಳಿ ಕಾಲು ಕೀಳುವ ಹೊತ್ತಿಗೆ ಎಲೆ ಕಳೆದುಕೊಂಡ ಮುತ್ತಲದ ಗಿಡ ಮೈಯೆಲ್ಲ ಕೆಂಪಾಗುತ್ತದೆ.

ಇದಕ್ಕೆಲ್ಲ ಗಾಜಿನ ಮಾಡು ಬೇಕಾಗಿರಲಿಲ್ಲ. ಹೊಲವೇ ತೋಟವಾಗಿತ್ತು, ಬೇಲಿಯೂ ಹೂವೇ ಆಗಿತ್ತು. ಕುಸುಬಿಗೆ ಮುಳ್ಳಿದೆಯೆಂದು ನಕ್ಕ ಗೆಳೆಯನಿಗೆ ನಾನು ಅಂದು ಹೇಳಬೇಕಾಗಿದ್ದ ಮಾತು ಇದು. ಆ ಮುಳ್ಳಿದ್ದುದರಿಂದಲೇ ಅದನ್ನು ಹೊಲದ ಸುತ್ತ ಬಿತ್ತುತ್ತಿದ್ದರು, ದನ ಒಳಗೆ ನುಗ್ಗದಿರಲೆಂದು. ಎಳೆಯದಿದ್ದಾಗ ಸೊಪ್ಪು ಪಲ್ಯಕ್ಕೆ, ಬೆಳೆದಾಗ ಮುಳ್ಳು ಕಾವಲಿಗೆ, ಒಣಗಿದಾಗ ಕಾಳು ಗಾಣಕ್ಕೆ. ಕಾಳನ್ನು ನೆನೆಯಿಟ್ಟು ಅರೆದು ತೆಗೆದ ಹಾಲಿನ ಹುಗ್ಗಿಯನ್ನು ಉಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ನಮ್ಮ ತರಗತಿಯಲ್ಲಿ ಬನಹಟ್ಟಿಯ ನೇಕಾರರ ಮನೆಯ ಸಹಪಾಠಿಯೊಬ್ಬಳಿದ್ದಾಳೆ. ಕುಸುಬಿಯ ಎಸಳಿನಲ್ಲಿ ಎರಡು ಬಣ್ಣಗಳಿವೆಯೆಂದು ಪುಸ್ತಕದಲ್ಲಿ ಓದಿ ಆಕೆಗೆ ಹೇಳಿದೆನು. ಹಳದಿ ನೀರಿಗೇ ಬಿಟ್ಟುಕೊಳ್ಳುತ್ತದೆ. ಅದನ್ನು ತೊಳೆದು ಕಳೆದ ಮೇಲೆ ಸೋಡಾ ಕಲಸಿದ ನೀರಿನಲ್ಲಿ ನೆನೆಯಿಟ್ಟರೆ ಕೆಂಪು ಹೊರಡುತ್ತದೆ. ನಿಂಬೆಯ ಹುಳಿ ಹಿಂಡಿದರೆ ಆ ಕೆಂಪು ನೂಲಿಗೆ ಹಿಡಿಯುತ್ತದೆ. ಪ್ರಾಚೀನ ಈಜಿಪ್ತದಿಂದ ಹಿಡಿದು ನಮ್ಮ ದೇಶದವರೆಗೆ ಜನ ಈ ಹೂವಿನಿಂದ ಬಟ್ಟೆಗೆ ಬಣ್ಣ ಕಟ್ಟಿದ್ದಾರೆ. 1856ರಲ್ಲಿ ಪರ್ಕಿನ್ ಎಂಬ ಇಂಗ್ಲೆಂಡಿನ ತರುಣನು ಡಾಂಬರಿನಿಂದ ಬಣ್ಣ ತೆಗೆದ ಮೇಲೆ ಹೂವಿನ ಬಣ್ಣಗಳಿಗೆ ಕೇಡುಗಾಲ ಬಂತು. ಆಕೆ ಎಲ್ಲವನ್ನೂ ಕೇಳಿ, "ಬಣ್ಣ ಬಿಸಲಿಗೆ ನಿಲ್ಲತೈತೇನು?" ಎಂದು ಕೇಳಿದಳು. ನೇಕಾರರ ಮನೆಯವಳಿಗೆ ಹೊಳೆಯಬೇಕಾದ ಪ್ರಶ್ನೆಯೇ! ನಿಲ್ಲುವುದಿಲ್ಲ, ಬೇಗ ಮಾಸುತ್ತದೆ. ಸುಳ್ಳು ಹೇಳಿ ಕುಸುಬಿಯ ಪಕ್ಷ ವಹಿಸುವುದು ಬೇಡ. ಆದರೆ ಮಗ್ಗದ ಸದ್ದಿನಲ್ಲಿ ಬೆಳೆದ ಹುಡುಗಿ ಮಗ್ಗದ ಆಚೆ ಅರ್ಧ ಹರದಾರಿಯಲ್ಲಿ ಬೆಳೆಯುತ್ತಿದ್ದ ಬಣ್ಣವನ್ನು ಕಣ್ಣಾರೆ ಕಂಡಿರಲಿಲ್ಲವೆಂಬುದು ನನ್ನನ್ನು ಯೋಚನೆಗೆ ಹಚ್ಚಿತು.

ಕಂಡಿರಲಿಲ್ಲವೇಕೆ? ಹೊಲದಲ್ಲಿ ಕುಸುಬಿ ಇಲ್ಲದ್ದರಿಂದ. ಇಲ್ಲಿಂದ ಮುಂದಿನದು ನನ್ನ ಮನೆಯ ಮಾತು.

ಕೃಷ್ಣೆಯ ನೀರು ನಮ್ಮ ಕಣ್ಣೆದುರಿಗೇ ಹರಿದು ಹೋಗುತ್ತಿದ್ದ ಕಾಲವಿತ್ತು. 1989ರಲ್ಲಿ ನಮ್ಮ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ಚಿಕ್ಕಪಡಸಲಗಿಯ ಹತ್ತಿರ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು. ಇಂಥ ಸಾಹಸವನ್ನು ಮೆಚ್ಚದವನು ಕೃತಘ್ನನೇ ಸರಿ. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರಖಾನೆಗಳು ಬಂದವು. ಮುಧೋಳದ ಘಟಪ್ರಭೆಯ ದಂಡೆಯ ಕಥೆಯೂ ಹೀಗೆಯೇ. ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಅರಿಯದವರಾರು? ಬೀಳಗಿಯ ಕಡೆಗೆ ಮಾತ್ರ ನೀರು ಇನ್ನೊಂದು ರೀತಿಯಿಂದ ಬಂತು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಳೆದಂಡೆಯ ಎಷ್ಟೋ ಯರಿ ಹೊಲಗಳು ಮುಳುಗಡೆಯಾದವು. ನನ್ನ ತಾಯಿಯ ತವರಿನ ಅಗಸಿಯ ಹೊಲವೂ ಅವುಗಳಲ್ಲೊಂದು.

ನಮ್ಮ ಮನೆಗೆ ಕಬ್ಬು ಅನ್ನ ಹಾಕಿದೆ. ನನ್ನ ಕಾಲೇಜಿನ ಫೀ, ವಸತಿನಿಲಯದ ಖರ್ಚು, ಈ ಲೇಖನ ಬರೆಯುತ್ತಿರುವ ಲೇಖನಿ ಎಲ್ಲವೂ ಕಬ್ಬಿನ ಬಿಲ್ಲಿನಿಂದಲೇ ಬಂದವು. ಆದುದರಿಂದ ಕಬ್ಬನ್ನು ಬಯ್ಯುವ ಬಾಯಿ ನನಗಿಲ್ಲ. ಮೂರು ವರ್ಷದ ಹಿಂದೆ ನಮಗೆ ಒಂದೇ ಎಕರೆ ಹಿಂಗಾರಿಯ ಹೊಲ ಉಳಿದಿತ್ತು. ಆಯಿ ಅದರಲ್ಲಿ ಜೋಳ ಹಾಕಿಸಿ, ಸುತ್ತಲೂ ಕುಸುಬಿ ಬಿತ್ತಿಸುತ್ತಿದ್ದಳು. ಅದನ್ನೂ ಕಬ್ಬಿಗೆ ತಿರುವಬೇಕೆಂದು ಅಪ್ಪನೆದುರು ವಾದ ಹೂಡಿದವನು ನಾನೇ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆನು. ಲೆಕ್ಕ ಸರಿಯಾಗಿಯೇ ಇತ್ತು. ಆಯಿ ಲೆಕ್ಕಕ್ಕೆ ಎದುರು ಆಡಲಿಲ್ಲ. "ಒಂದ ಸಾಲರ ಬಿಡೊ ತಮ್ಮಾ, ಬೀಜ ಉಳೀಲಿ" ಎಂದಳು, ಅಷ್ಟೆ. "ಬೀಜ ಬೇಕಾದರ ಪ್ಯಾಟ್ಯಾಗ ಸಿಗತೈತಿ ಬಿಡಬೇ ಆಯಿ" ಎಂದು ನಾನು ನಕ್ಕೆನು. ಹೊಲ ಕಬ್ಬಾಯಿತು.

ಕಬ್ಬಿಗೂ ಹೂ ಉಂಟು. ಚಳಿಗಾಲದಲ್ಲಿ ಸೂಲಂಗಿ ಹೊರಟು, ಬೆಳುದಿಂಗಳಿನಲ್ಲಿ ಬೆಳ್ಳಿಯ ಚಾಮರ ಬೀಸಿದಂತೆ ಕಾಣುತ್ತದೆ. ನೋಡಲು ಅದೆಷ್ಟು ಚೆಂದ! ಆದರೆ ಆ ಹೂವನ್ನು ಕಂಡು ಹಿಗ್ಗುವ ರೈತನಿಲ್ಲ. ಸೂಲಂಗಿ ಬಂದ ಮೇಲೆ ಕಬ್ಬಿನ ಬೆಳವಣಿಗೆ ನಿಲ್ಲುತ್ತದೆ. ಕಡಿಯುವ ಸರದಿ ತಡವಾದರೆ ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಆಯಿ ಬದುವಿನ ಮೇಲೆ ನಿಂತು ನೋಡಿ, "ಹೂವ ಕಂಡರ ಅಂಜೂ ಕಾಲ ಬಂತು ನೋಡು" ಎಂದಿದ್ದಳು. ಆಗ ಆ ಮಾತಿನ ಕಡೆಗೆ ನಾನು ಲಕ್ಷ್ಯ ಕೊಡಲಿಲ್ಲ.

ಹೋದ ವರ್ಷ ಆಯಿ ತೀರಿಕೊಂಡಳು. ಬೇವಿನ ಮರದ ಕೆಳಗಿನ ಸಭೆ ಮುಗಿದ ವಾರದಲ್ಲಿ ಊರಿಗೆ ಹೋಗಿ, ನಾನು ಕುಸುಬಿಯ ಬೀಜ ಹುಡುಕಿದೆನು. ಕೇಳಿದ ಅಂಗಡಿಗಳಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಸಿಕ್ಕಿತು, ಬೀಜ ಸಿಗಲಿಲ್ಲ. ಅವ್ವ ಅಟ್ಟದ ಮೇಲಿಂದ ಒಂದು ಗಡಿಗೆಯನ್ನು ಇಳಿಸಿಕೊಟ್ಟಳು. ಬಾಯಿಗೆ ಅರಿವೆ ಕಟ್ಟಿ, ಒಳಗೆ ಬೂದಿ ಮತ್ತು ಬೇವಿನ ಎಲೆ ಹಾಕಿ, ಆಯಿ ನಾಲ್ಕು ಬೊಗಸೆ ಕುಸುಬಿ ಇಟ್ಟಿದ್ದಳು. ಕಬ್ಬು ಹಾಕಿದ ವರ್ಷದ್ದೇ ಅದು. ಮೂರು ಹಿಂಗಾರಿಗಳನ್ನು ಕಾದ ಬೀಜ! ವಸತಿನಿಲಯಕ್ಕೆ ತಂದು ಒಂದು ಹಳೆಯ ಬುಟ್ಟಿಯಲ್ಲಿ ಇಪ್ಪತ್ತು ಕಾಳು ಹಾಕಿದೆನು. ಮೂರು ಮೊಳೆತವು. ಎರಡನ್ನು ಆಡು ತಿಂದಿತು. ಒಂದು ಈಗ ಗೇಣುದ್ದ ನಿಂತಿದೆ. ಬಿತ್ತುವ ಕಾಲ ಮೀರಿದ್ದುದರಿಂದ ಅದು ಹೂ ಬಿಡುವುದೋ ಇಲ್ಲವೋ ಹೇಳಲಾರೆ.

ಹೊಲದ ಹೂ ಹೋದರೆ ಹೋಗುವುದೇನೆಂದು ಯಾರಾದರೂ ಕೇಳಬಹುದು. ಮೊದಲನೆಯದಾಗಿ ಜೇನು ಹೋಗುತ್ತದೆ. ಕಬ್ಬಿನ ಹೂ ಗಾಳಿಯನ್ನು ನೆಚ್ಚಿದ್ದು, ಮಕರಂದವೆಂಬುದು ಅದರಲ್ಲಿಲ್ಲ. ಊರ ಸುತ್ತ ಹರದಾರಿಗಟ್ಟಲೆ ಕಬ್ಬೇ ಆದರೆ ಜನವರಿ-ಫೆಬ್ರುವರಿಯಲ್ಲಿ ಜೇನು ಉಣ್ಣುವುದೇನು? ಸೂರ್ಯಕಾಂತಿಗೂ ಉಳ್ಳಾಗಡ್ಡಿಯ ಬೀಜಕ್ಕೂ ಅದೇ ಜೇನು ಬೇಕಲ್ಲವೇ? ಹಸಿರುಮನೆ ಈ ಕೊರತೆಯನ್ನು ತುಂಬಲಾರದು. ಕೀಟ ಒಳಗೆ ಬಾರದಿರಲೆಂದೇ ಅದಕ್ಕೆ ಪರದೆ ಕಟ್ಟುತ್ತಾರೆ. ಪರಾಗಸ್ಪರ್ಶವಿಲ್ಲದೆ ಕಾಯಿ ಕಟ್ಟುವ ಸೌತೆಯ ತಳಿಯನ್ನು ಆರಿಸಿ ಹಾಕುತ್ತಾರೆ. ಅದು ಬೆಳೆಗಾರನಿಗೆ ಲಾಭದ ಉಪಾಯ, ತಪ್ಪಲ್ಲ. ಆದರೆ ಅಲ್ಲಿಯ ಹೂ ನಮಗೊಬ್ಬರಿಗೇ ಅರಳಿದ ಹೂ. ಹೊಲದ ಹೂ ಜೇನಿಗೆ, ಗಾಣಕ್ಕೆ, ಒಲೆಗೆ, ಎಲ್ಲಕ್ಕೂ ಅರಳಿದ್ದು. ಎರಡನೆಯದಾಗಿ ಎಣ್ಣೆ. ನಮ್ಮ ದೇಶ ತಾನು ಉಣ್ಣುವ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿದೆ. ಕುಸುಬಿಯೊಂದೇ ಇದನ್ನು ನೀಗಿಸೀತೆಂದು ನಾನು ಹೇಳುವುದಿಲ್ಲ. ಆದರೆ ಬೀಜವೇ ಇಲ್ಲವಾದ ಮೇಲೆ ನೀಗಿಸುವ ಮಾತಾದರೂ ಎಲ್ಲಿಯದು?

"ಅದಕ್ಕೆ ವಿಶ್ವವಿದ್ಯಾಲಯಗಳಿವೆ, ಸಂಶೋಧನ ಕೇಂದ್ರಗಳಿವೆ, ಕಲಾ ಮಹಾವಿದ್ಯಾಲಯಕ್ಕೇಕೆ ಈ ಉಸಾಬರಿ?" ಎಂದು ಇನ್ನೊಬ್ಬ ಮಿತ್ರನ ವಾದ. ಇವೆ, ನಿಜ. ನಮ್ಮ ಜಿಲ್ಲೆಯಲ್ಲಿಯೇ 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ಅವರು ತಳಿಗಳನ್ನು ಕಾಯುವರು. ಆದರೆ ಹೆಸರನ್ನು ಕಾಯುವವರು ಯಾರು? ಮುಧೋಳದ ನೆಲದಲ್ಲಿ ಹುಟ್ಟಿದ ರನ್ನನ ಕಾವ್ಯವನ್ನು ನಾವು ತರಗತಿಯಲ್ಲಿ ಓದುತ್ತೇವೆ. ಹಳಗನ್ನಡದ ಶಬ್ದಕ್ಕೆ ಅರ್ಥ ತಿಳಿಯದಿದ್ದರೆ ನಿಘಂಟು ತೆಗೆಯುತ್ತೇವೆ. ಅಕ್ಕಡಿ, ಕೂರಿಗಿ, ಚರಗ, ಕುಸುಬಿ ಎಂಬ ನಮ್ಮ ಮನೆಯ ಶಬ್ದಗಳಿಗೂ ನಿಘಂಟು ತೆಗೆಯುವ ದಿನ ಬಂದರೆ, ಭಾಷೆ ಓದಲು ಬಂದ ನಮಗೆ ಅದಕ್ಕಿಂತ ನಾಚಿಕೆ ಬೇರೆ ಬೇಕೇ? ವಸ್ತು ಹೋದ ಮೇಲೆ ಶಬ್ದ ಬಹಳ ದಿನ ನಿಲ್ಲುವುದಿಲ್ಲ. ಆದುದರಿಂದ ಇದು ಕಲಾ ವಿಭಾಗದವರ ಕೆಲಸವೇ ಎಂಬುದು ನನ್ನ ನಮ್ರ ಅಭಿಪ್ರಾಯ.

ಬರೀ ಟೀಕೆ ಮಾಡಿ ಕೈ ತೊಳೆದುಕೊಳ್ಳುವುದು ಸಲ್ಲದು. ನನ್ನ ಸೂಚನೆ ಇಷ್ಟು. ಗ್ರಂಥಾಲಯದ ಹಿಂದಿನ ನೆಲದಲ್ಲಿ ಅರ್ಧ ಗುಂಟೆಯನ್ನು ಹಿಂಗಾರಿಯ ಮಡಿಯೆಂದು ಬಿಡೋಣ. ಸಪ್ಟಂಬರ ಕೊನೆ, ಅಕ್ಟೋಬರ ಮೊದಲಿಗೆ ಮಳೆ ನೋಡಿ ನಡುವೆ ಬಿಳಿಜೋಳ, ಒಂದು ಮಗ್ಗುಲಿಗೆ ಅಗಸಿ, ಇನ್ನೊಂದಕ್ಕೆ ಅಣ್ಣಿಗೇರಿ ಕಡಲೆ, ಸುತ್ತಲೂ ಕುಸುಬಿ ಬಿತ್ತೋಣ. ಖರ್ಚು ಬಹಳವಿಲ್ಲ, ಗಳೆ ಹೊಡೆಯಬಲ್ಲ ಹುಡುಗರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾಲ್ಕೂ ತಾಲೂಕುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ತಮ್ಮ ಅಟ್ಟಗಳನ್ನೊಮ್ಮೆ ಹುಡುಕಿ, ಅಜ್ಜ-ಆಯಿ ಇಟ್ಟ ಗಡಿಗೆಯಿದ್ದರೆ ಒಂದೊಂದು ಹಿಡಿ ಬೀಜ ತರಲಿ. ಯಾವ ಊರಿನದು, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡೋಣ. ರಾಶಿಯಾದ ಮೇಲೆ ಬೀಜವನ್ನು ಹಂಚಿಕೊಂಡು, ಪ್ರತಿಯೊಬ್ಬನೂ ತನ್ನ ಹೊಲದ ಬದುವಿಗೆ ಒಂದು ಸಾಲು ಬಿತ್ತಲಿ. ಕಬ್ಬು ಇದ್ದಲ್ಲಿಯೇ ಇರಲಿ. ಒಂದು ಸಾಲಿನಿಂದ ಅದರ ಬಿಲ್ಲು ಕರಗಲಾರದು.

ಹಸಿರುಮನೆಯೂ ಬರಲಿ. ಗಾಜಿನದು ಬೇಡ, ಬಿದಿರಿನ ಗಳ ನೆಟ್ಟು ಹಸಿರು ನೆರಳು ಪರದೆ ಕಟ್ಟಿದರೆ ಸಾಕು. ನಮ್ಮ ಬಿಸಿಲಿಗೆ ಬೇಕಾದದ್ದು ಶಾಖ ಹಿಡಿಯುವ ಮನೆಯಲ್ಲ, ನೆರಳು ಕೊಡುವ ಚಪ್ಪರ. ಅದರ ಕೆಳಗೆ ಸೇವಂತಿಗೆಯನ್ನೂ ಸಸಿಗಳನ್ನೂ ಬೆಳೆಸೋಣ. ದೀಪ ಹಚ್ಚಿ, ಅರಿವೆ ಹೊದಿಸಿ, ಗಿಡ ರಾತ್ರಿಯನ್ನು ಅಳೆಯುವ ಚೋದ್ಯವನ್ನು ಪರೀಕ್ಷಿಸಿ ನೋಡೋಣ. ಮಡಿಯೂ ಇರಲಿ, ಚಪ್ಪರವೂ ಇರಲಿ; ಆದರೆ ಮೊದಲು ಮಡಿ.

ಮುಂದಿನ ಸ್ನೇಹಸಮ್ಮೇಳನಕ್ಕೆ ವೇದಿಕೆಯ ಮೇಲೆ ಹೂದಾನಿ ಇಡುವುದಾದರೆ ಅದರಲ್ಲಿ ನಾಲ್ಕು ಕುಸುಬಿಯ ಟೊಂಗೆಗಳಿರಲಿ ಎಂಬ ಆಶೆ ನನಗಿದೆ. ಅತಿಥಿಗಳ ಕೈಗೆ ಮುಳ್ಳು ಚುಚ್ಚದಂತೆ ಅರಿವೆ ಸುತ್ತಿ ಕೊಡುವ ಹೊಣೆ ನನ್ನದು.

ಆಯಿಯ ಗಡಿಗೆ ಈಗ ವಸತಿನಿಲಯದ ನನ್ನ ಪೆಟ್ಟಿಗೆಯ ಮೇಲಿದೆ. ಇಪ್ಪತ್ತಕ್ಕೆ ಮೂರರ ಲೆಕ್ಕದಂತೆ ಮೊಳೆತರೂ ಅದರಲ್ಲಿ ಒಂದು ಮಡಿಗೆ ಸಾಲುವಷ್ಟು ಬೀಜವಿದೆ. ಇನ್ನೊಂದು ವರ್ಷ ತಡೆದರೆ ಅಷ್ಟೂ ಮೊಳೆಯಲಾರದು. ಬರುವ ಹಿಂಗಾರಿಯ ಹೊತ್ತಿಗೆ ನನ್ನ ಕೊನೆಯ ವರ್ಷದ ಪರೀಕ್ಷೆ ಮುಗಿದು ನಾನು ಇಲ್ಲಿಂದ ಹೋಗಿರುತ್ತೇನೆ. ಗಡಿಗೆಯನ್ನು ಯಾರ ಕೈಗೆ ಕೊಟ್ಟು ಹೋಗಲಿ? ಬೇವಿನ ಮರದ ಕೆಳಗೆ ಅಂದು ನಕ್ಕವರಲ್ಲಿ ಒಬ್ಬರು ಮುಂದೆ ಬಂದರೆ, ಅವರಿಗೇ ಕೊಡುತ್ತೇನೆ.